ನಿಲ್ಲು ಎನ್ನುವ ಸಂಖ್ಯೆ

ಹೊಳೆಯ ದಂಡೆಗೊಂದು ಆಶ್ರಮ. ಅಲ್ಲಿದ್ದ ಗುರು ಮರುಳಸಿದ್ಧಯ್ಯನವರು ಕಂಪ್ಯೂಟರಿಗೆ ಪ್ರೋಗ್ರಾಮ್ ಬರೆಯುವ ವಿದ್ಯೆ ಕಲಿಸುತ್ತಿದ್ದರು.

ಕಲಿಯಲು ಬಂದವರು ಕೊಡಬೇಕಾದದ್ದು ಏನೂ ಇರಲಿಲ್ಲ. ಹೊಳೆಯಿಂದ ಸುತ್ತಲಿನ ಊರುಗಳಿಗೆ ನೀರೆತ್ತುವ ಮೋಟರೊಂದಿತ್ತು. ಅದನ್ನು ನಡೆಸುವ ಪ್ರೋಗ್ರಾಮನ್ನು ಶಿಷ್ಯರು ನೋಡಿಕೊಳ್ಳಬೇಕು, ಅಷ್ಟೇ. ಊರಿಗೆ ನೀರು ಮುಟ್ಟಿದರೆ ಪಾಠ ತಲೆಗೆ ಹತ್ತಿದೆ ಎಂದು ಗುರುಗಳು ತಿಳಿಯುತ್ತಿದ್ದರು.

ಶಿಷ್ಯರಲ್ಲಿ ಇಂದುಧರ ಬಲು ಚುರುಕು. ಉಳಿದವರು ಯೋಚಿಸುತ್ತ ಕೂತಿರುವಾಗಲೇ ಅವನು ಬರೆದು ಮುಗಿಸಿ ಕೈ ಕೊಡವಿಕೊಂಡು ಏಳುತ್ತಿದ್ದ.

ಒಂದು ದಿನ ಗುರುಗಳು ಅವನನ್ನು ಕರೆದರು.

"ಹಳೆಯ ಕಂಪ್ಯೂಟರಿಗೆ ವಯಸ್ಸಾಯಿತು. ಹೊಸದು ಬಂದಿದೆ. ಮೋಟರಿನ ಕೆಲಸವನ್ನು ಅದಕ್ಕೆ ದಾಟಿಸು."

"ಹೊಸದರ ಆಪರೇಟಿಂಗ್ ಸಿಸ್ಟಮ್ ಬೇರೆ, ಗುರುಗಳೇ."

"ಅದಕ್ಕೇ ನಿನ್ನನ್ನು ಕರೆದದ್ದು."

ಮೋಟರಿನ ಕೆಲಸಕ್ಕೆ ಇದ್ದದ್ದು ಎರಡು ಪ್ರೋಗ್ರಾಮ್. ಒಂದು ಆಳು, ಇನ್ನೊಂದು ಮೇಸ್ತ್ರಿ ಎಂದುಕೊಳ್ಳಿ. ಆಳು ಊರಿನ ಟ್ಯಾಂಕಿನ ನೀರಿನ ಮಟ್ಟವನ್ನು ಬಿಡದೆ ಅಳೆಯುತ್ತಿತ್ತು. ಮಟ್ಟ ಕೆಂಪು ಗೆರೆಗಿಂತ ಇಳಿದರೆ ತಾನೇ ಮೋಟರು ಶುರು ಮಾಡುತ್ತಿತ್ತು, ಟ್ಯಾಂಕು ತುಂಬಿದರೆ ತಾನೇ ಆರಿಸುತ್ತಿತ್ತು. ಮೇಸ್ತ್ರಿಯದು ಬರೀ ಹುಕುಂ. ಸ್ವಲ್ಪ ನಿಲ್ಲು. ಇನ್ನು ಮುಂದುವರಿ.

ಒಂದು ಪ್ರೋಗ್ರಾಮ್ ಇನ್ನೊಂದಕ್ಕೆ ಕಳಿಸುವ ಇಂಥ ಹುಕುಮಿಗೆ ಸಿಗ್ನಲ್ ಅನ್ನುತ್ತಾರೆ. ಅದು ಮಾತಿನಲ್ಲಿ ಹೋಗುವುದಿಲ್ಲ, ಸಂಖ್ಯೆಯಾಗಿ ಹೋಗುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಹತ್ತೊಂಬತ್ತು ಎಂದರೆ ನಿಲ್ಲು. ಹದಿನೆಂಟು ಎಂದರೆ ಮುಂದುವರಿ. ಒಂಬತ್ತು ಎಂದರೆ ಸಾಯಿ.

ಇಂದುಧರನಿಗೆ ಇವೆಲ್ಲ ಬಾಯಿಪಾಠ. ಎಷ್ಟೋ ವರ್ಷಗಳಿಂದ ಇದ್ದ ಸಂಖ್ಯೆಗಳನ್ನು ಇದ್ದಂತೆಯೇ ಹೊಸ ಕಂಪ್ಯೂಟರಿಗೆ ದಾಟಿಸಿದ.

ದಾಟಿಸುವ ಮುಂಚೆ ಹೊಸದನ್ನು ಒಂದು ಮಾತು ಕೇಳಿ ನೋಡಿದ್ದ. ಒಂಬತ್ತು ಎಂದರೆ ನಿನಗೇನು?

ಸಾಯಿ, ಎಂದು ಪರದೆ ಹೇಳಿತು.

ಅಲ್ಲಿಗೆ ಅವನಿಗೆ ಸಾಕಾಯಿತು. ಎರಡಕ್ಕೂ ಬೇರು ಒಂದೇ, ಇನ್ನು ಕೇಳುವುದೇನಿದೆ? ಮೋಟರಿನ ತಂತಿ ಕಳಚಿಟ್ಟು 'ನಿಲ್ಲು' ಒತ್ತಿದ. 'ನಿಂತಿದೆ' ಎಂದು ಪರದೆ ತೋರಿಸಿತು. ಹೊಸ ಕಂಪ್ಯೂಟರು ಒಂದೇ ಒಂದು ತಕರಾರು ಮಾಡಲಿಲ್ಲ.

ಸಂಜೆ ಗುರುಗಳು ಕೇಳಿದರು: "ದಾಟಿತೇ?"

"ದಾಟಿತು."

"ಹೊಸದನ್ನು ಕೇಳಿದೆಯಾ?"

ಇಂದುಧರ ತಡವರಿಸಿದ. ಒಂಬತ್ತನ್ನು ಕೇಳಿದ್ದು ಸುಳ್ಳಲ್ಲವಲ್ಲ.

"ಕೇಳಿದೆ, ಗುರುಗಳೇ."

ಗುರುಗಳು ಅವನ ಮುಖವನ್ನೇ ನೋಡುತ್ತ ನಿಂತಿದ್ದು, ಆಮೇಲೆ ಹೊರಟುಹೋದರು.

ಹೊಳೆಗೆ ಹೊಸ ನೀರು ಬಂತು. ಅದರ ಜೊತೆ ಅಂತರಗಂಗೆ ಬಂತು. ತೇಲಿ ಬರುವ ಆ ಕಳೆ ಸಿಕ್ಕಿದಲ್ಲೆಲ್ಲ ಕಟ್ಟಿಕೊಳ್ಳುತ್ತದೆ.

ಹೊಳೆಯಂಚಿಗೆ ಒಂದು ಆಳದ ಬಾವಿ ಇತ್ತು. ಊರವರು ಅದನ್ನು ಜಾಕ್‌ವೆಲ್ ಅನ್ನುತ್ತಿದ್ದರು. ಹೊಳೆಯ ನೀರು ಅದರೊಳಗೆ ಬಂದು ತುಂಬುತ್ತಿತ್ತು, ಮೋಟರು ಅಲ್ಲಿಂದ ಮೇಲಕ್ಕೆ ಎಳೆಯುತ್ತಿತ್ತು. ಎಳೆಯುವ ಪೈಪಿನ ಬಾಯಿಗೆ ಕಬ್ಬಿಣದ ಜಾಲರಿ. ಕಳೆ ಕಟ್ಟಿಕೊಂಡಾಗ ಅದನ್ನು ಬಿಡಿಸುವವನು ಹುಲುಗಪ್ಪ. ಕಬ್ಬಿಣದ ಏಣಿ ಹಿಡಿದು ಇಳಿದು, ಕುತ್ತಿಗೆಮಟ್ಟ ನೀರಿನಲ್ಲಿ ಉಸಿರು ಬಿಗಿಹಿಡಿದು ಮುಳುಗಿ, ಜಾಲರಿಯೊಳಗೆ ಕೈ ತೂರಿಸಿ ಕಳೆಯನ್ನು ಕಿತ್ತು ತೆಗೆಯುತ್ತಿದ್ದ.

ಆ ಹೊತ್ತಿನಲ್ಲಿ ಮೋಟರು ಶುರುವಾದರೆ ಪೈಪು ಕೈಯನ್ನು ಹೀರಿ ಹಿಡಿಯುತ್ತದೆ. ಮುಳುಗಿದವನು ಮೇಲೆ ಬರಲಾರ.

ಅದಕ್ಕೇ ಹುಲುಗಪ್ಪ ಇಳಿಯುವ ಮುಂಚೆ ಆಶ್ರಮಕ್ಕೆ ಫೋನು ಮಾಡುತ್ತಿದ್ದ. ಅಲ್ಲಿಂದ ಇಳಿಯಲು ಹೇಳಿದರೆ ಇಳಿಯುತ್ತಿದ್ದ. ಆಶ್ರಮದ ಮಾತು ಒಮ್ಮೆಯೂ ತಪ್ಪಿದ್ದಿಲ್ಲ. ಪಕ್ಕದ ಮೋಟರು ಮನೆಗೆ ಹೋಗಿ ಫ್ಯೂಸ್ ಕಿತ್ತಿಡುವ ರೂಢಿಯನ್ನು ಅವನು ಬಿಟ್ಟು ಬಹಳ ಕಾಲವಾಗಿತ್ತು.

ಆ ದಿನ ಬೆಳಿಗ್ಗೆ ಫೋನಿಗೆ ಸಿಕ್ಕವನು ಇಂದುಧರ.

"ತಮ್ಮಾ, ಜಾಲ್ರಿ ಪೂರಾ ಕಟ್ಟೇತಿ. ಇಳೀಲೇನು?"

"ತಡೀರಿ ಅಣ್ಣಾ."

ಇಂದುಧರ 'ನಿಲ್ಲು' ಒತ್ತಿದ. 'ನಿಂತಿದೆ' ಎಂದಿತು ಪರದೆ.

"ಇಳೀರಿ."

"ಆತು."

ಟ್ಯಾಂಕು ತುಂಬಿತ್ತು, ಮೋಟರು ಮೊದಲೇ ಸುಮ್ಮನಿತ್ತು. ಸದ್ದಿಲ್ಲದ್ದರಿಂದ ಅದು ಹುಕುಮಿನಂತೆ ನಿಂತಿದೆ ಎಂದೇ ಇಬ್ಬರೂ ತಿಳಿದರು.

ಊರುಗಳಲ್ಲಿ ಜನ ಎದ್ದು ನಲ್ಲಿ ತಿರುಗಿಸುವ ಹೊತ್ತು. ಇಂದುಧರ ಚಹಾದ ಲೋಟ ಹಿಡಿದು ಪರದೆಯ ಮುಂದೆ ಕೂತಿದ್ದ. ಒಂದು ಮೂಲೆಯಲ್ಲಿ 'ನಿಂತಿದೆ' ಎಂದಿತ್ತು. ಇನ್ನೊಂದು ಮೂಲೆಯಲ್ಲಿ ಟ್ಯಾಂಕಿನ ನೀರಿನ ಮಟ್ಟ.

ಮಟ್ಟದ ಅಂಕಿ ಬದಲಾಯಿತು.

ಅವನು ಸುಮ್ಮನೆ ನೋಡಿದ. ಅಂಕಿ ಮತ್ತೆ ಬದಲಾಯಿತು.

ಲೋಟವನ್ನು ಕೆಳಗಿಟ್ಟ. ಮಟ್ಟ ಅಳೆಯುವುದು ಆಳಿನ ಕೆಲಸ. ಆಳು ನಿಂತಿದ್ದರೆ ಅಳೆಯುತ್ತಿರುವವರು ಯಾರು?

ಮತ್ತೆ 'ನಿಲ್ಲು' ಒತ್ತಿದ. 'ನಿಂತಿದೆ' ಎಂದಿತು. ಅಂಕಿ ಇಳಿಯಿತು.

ಇನ್ನೂ ಜೋರಾಗಿ ಒತ್ತಿದ. 'ನಿಂತಿದೆ'. ಅಂಕಿ ಇಳಿಯಿತು.

ಕೆಂಪು ಗೆರೆ ದೂರವಿರಲಿಲ್ಲ.

ಹುಲುಗಪ್ಪನಿಗೆ ಫೋನು ಮಾಡಿದ. ಬಾವಿಯ ಕಟ್ಟೆಯ ಮೇಲೆ, ಬಿಚ್ಚಿಟ್ಟ ಅಂಗಿಯ ಜೇಬಿನಲ್ಲಿ ಆ ಫೋನು ಹೊಡೆದುಕೊಳ್ಳುತ್ತಿರಬೇಕು. ಯಾರೂ ಎತ್ತಲಿಲ್ಲ.

"ಗುರುಗಳೇ!"

ಗುರುಗಳು ಒದ್ದೆ ಪಂಚೆಯಲ್ಲೇ ಹೊಳೆಯ ಮೆಟ್ಟಿಲಿನಿಂದ ಬಂದರು. ಪರದೆ ನೋಡಿದರು, ಅವನ ಮುಖ ನೋಡಿದರು.

"ಬಾವಿಯಲ್ಲಿ ಯಾರಿದ್ದಾರೆ?"

"ಹುಲುಗಪ್ಪಣ್ಣ."

"ಇದಕ್ಕೆ ಏನು ಹೇಳುತ್ತಿದ್ದೀಯ?"

"ನಿಲ್ಲು ಅಂತ. ಹತ್ತೊಂಬತ್ತು. ಹೇಳುತ್ತಲೇ ಇದ್ದೇನೆ, ಇದು ಕೇಳುತ್ತಿಲ್ಲ!"

"ಕೇಳುತ್ತಿದೆ. ಅದಕ್ಕೆ ಏನು ಕೇಳಿಸುತ್ತಿದೆ?"

ಅದು ಇಂದುಧರನಿಗೆ ಗೊತ್ತಿರಲಿಲ್ಲ.

"ಅದನ್ನೇ ಕೇಳು" ಎಂದರು ಗುರುಗಳು.

ಇಂದುಧರ ಬರೆದ. ಹತ್ತೊಂಬತ್ತು ಎಂದರೆ ನಿನಗೇನು?

ಪರದೆ ಹೇಳಿತು: ಮುಂದುವರಿ.

ಇಷ್ಟು ಹೊತ್ತು, ಒತ್ತಿದಾಗಲೆಲ್ಲ, ಅವನು ಆಳಿಗೆ ಮುಂದುವರಿ, ಮುಂದುವರಿ ಎಂದೇ ಹೇಳುತ್ತಿದ್ದ.

"ಕೊಂದುಬಿಡುತ್ತೇನೆ. ಒಂಬತ್ತು ಎರಡರಲ್ಲೂ ಒಂದೇ" ಎಂದು ಕೈ ಚಾಚಿದ.

ಚಾಚಿದ ಕೈ ಅರ್ಧದಲ್ಲೇ ನಿಂತಿತು. ಆಳು ಸತ್ತರೆ ಆ ಕ್ಷಣವೇ ಮತ್ತೆ ಹುಟ್ಟಿ ಬರುವಂತೆ ಬರೆದವನು ಅವನೇ. ಹುಟ್ಟಿದ ಕೂಡಲೇ ಅದು ಮಾಡುವ ಮೊದಲ ಕೆಲಸ ಮೋಟರು ತಿರುಗಿಸಿ ನೋಡುವುದು.

ಅಂಕಿ ಇಳಿಯಿತು.

"ಹಾಗಾದರೆ ಇಲ್ಲಿ ಎರಡೂ ಅದಲುಬದಲು ಇರಬೇಕು. ಹದಿನೆಂಟು ಕಳಿಸುತ್ತೇನೆ."

ಗುರುಗಳು ಅವನ ಮಣಿಕಟ್ಟು ಹಿಡಿದರು. ಮುದುಕರ ಹಿಡಿತ ಅಷ್ಟು ಬಿಗಿ ಇರುತ್ತದೆಂದು ಅವನು ಎಣಿಸಿರಲಿಲ್ಲ.

"ಇರಬೇಕು ಅಂದೆಯಲ್ಲ. ಯಾರು ಹೇಳಿದರು?"

"ಹೊತ್ತಿಲ್ಲ ಗುರುಗಳೇ!"

"ಊಹೆ ಮಾಡಲು ಹೊತ್ತಿಲ್ಲ. ಕೇಳಲು ಇದೆ."

ಇಂದುಧರ ಈ ಸಲ ಸಂಖ್ಯೆ ಬರೆಯಲಿಲ್ಲ, ಹೆಸರು ಬರೆದ. ನಿಲ್ಲು ಎನ್ನುವುದಕ್ಕೆ ನಿನ್ನಲ್ಲಿ ಯಾವ ಸಂಖ್ಯೆ?

ಹದಿನೇಳು, ಎಂದಿತು ಪರದೆ.

ಹಳೆಯ ಕಂಪ್ಯೂಟರಿನಲ್ಲಿ ಹದಿನೇಳು ಎಂದರೆ ಬೇರೆಯೇ ಸುದ್ದಿ. ನೀನು ಹುಟ್ಟಿಸಿದ ಪ್ರೋಗ್ರಾಮ್ ಸತ್ತುಹೋಯಿತು ಎಂದು ತಿಳಿಸುವ ಸಂಖ್ಯೆ ಅದು.

"ಹದಿನೇಳನ್ನು ಕಳಿಸಲೇ?"

"ಅದರ ಮನೆಯಲ್ಲಿ ಅದರ ಮಾತು."

ಕಳಿಸಿದ.

ಅಂಕಿ ನಿಂತಿತು. ಕೆಂಪು ಗೆರೆಗಿಂತ ಕೂದಲೆಳೆಯಷ್ಟು ಮೇಲೆ. ಇಬ್ಬರೂ ಉಸಿರು ಬಿಡದೆ ನೋಡಿದರು. ಅಂಕಿ ಅಲುಗಲಿಲ್ಲ.

"ನಿಂತಿತು" ಎಂದ ಇಂದುಧರ. ಅವನ ಕಣ್ಣಲ್ಲಿ ನೀರಿತ್ತು.

"ಓಡು" ಎಂದರು ಗುರುಗಳು.

"ನಿಂತಿದೆಯಲ್ಲ?"

"ಆಗಲೂ ನಿಂತಿದೆ ಅಂತಲೇ ಇತ್ತು. ಓಡು!"

ಇಂದುಧರ ಚಪ್ಪಲಿಯಿಲ್ಲದೆ ದಂಡೆಗುಂಟ ಓಡಿದ. ಕೆಸರಿನಲ್ಲಿ ಜಾರಿ ಬಿದ್ದು ಎದ್ದ. ದಾರಿಯುದ್ದಕ್ಕೂ ಕಿವಿ ಮೋಟರಿನ ಕಡೆಗೇ ಇತ್ತು. ತನ್ನ ಏದುಸಿರನ್ನೇ ಮೋಟರಿನ ಸದ್ದು ಎಂದುಕೊಂಡು ಒಮ್ಮೆ ಕೂಗಿಯೇಬಿಟ್ಟ.

ಮೋಟರು ಮನೆಗೆ ನುಗ್ಗಿ ಫ್ಯೂಸುಗಳನ್ನು ಕಿತ್ತು ಮುಷ್ಟಿಯಲ್ಲಿ ಹಿಡಿದ. ಬಾವಿಯ ಕಟ್ಟೆಗೆ ಬಂದು ಬಗ್ಗಿದ.

"ಅಣ್ಣಾ!"

ಕೆಳಗೆ ಕಪ್ಪು ನೀರು. ನೀರಿನ ಮೇಲೆ ಕಿತ್ತು ಹಾಕಿದ ಹಸಿರು ಕಳೆ. ತಲೆ ಕಾಣಲಿಲ್ಲ.

"ಹುಲುಗಪ್ಪಣ್ಣಾ!"

ಗೋಡೆ ಅವನ ಕೂಗನ್ನೇ ಅವನಿಗೆ ತಿರುಗಿಸಿತು. ಇಂದುಧರ ಏಣಿಗೆ ಕಾಲಿಟ್ಟ. ಅವನಿಗೆ ಈಜು ಬರುತ್ತಿರಲಿಲ್ಲ. ಎರಡನೆಯ ಕಾಲನ್ನೂ ಇಟ್ಟ.

ಕಳೆ ಅಲುಗಿತು. ಅದನ್ನು ಸೀಳಿಕೊಂಡು ಒಂದು ತಲೆ ಮೇಲೆ ಬಂತು. ಬಾಯಿಂದ ನೀರು ಉಗುಳಿ, ಕಣ್ಣು ಒರೆಸಿಕೊಂಡು ಹುಲುಗಪ್ಪ ಮೇಲೆ ನೋಡಿದ.

"ಯಾಕ್ ತಮ್ಮಾ, ಹಿಂಗ್ ಏದಾಕತ್ತೀ? ನೀ ಯಾಕ್ ಇಳ್ಯಾಕತ್ತೀ?"

ಇಂದುಧರ ಏಣಿಯಿಂದ ಮೇಲೆ ಹತ್ತಿ ಅವನಿಗೆ ದಾರಿ ಬಿಟ್ಟ.

ಹುಲುಗಪ್ಪ ಮೇಲೆ ಹತ್ತಿ ಬಂದು ಕಟ್ಟೆಯ ಮೇಲೆ ಕೂತು ಲುಂಗಿ ಹಿಂಡಿಕೊಂಡ. ಇಂದುಧರ ತಾನಾಗಿ ಹೇಳದಿದ್ದರೆ ನಡೆದದ್ದು ಅವನಿಗೆ ಗೊತ್ತೇ ಆಗುತ್ತಿರಲಿಲ್ಲ. ಗುರುಗಳಂತೂ ಹೇಳುತ್ತಿರಲಿಲ್ಲ. ಅದೂ ಇಂದುಧರನ ಮನಸ್ಸಿನಲ್ಲಿ ಹಾದುಹೋಯಿತು.

"ನಾನು ಇಳೀರಿ ಅಂದಾಗ ಅದು ನಿಂತಿರಲಿಲ್ಲ ಅಣ್ಣಾ. ಯಾವಾಗ ಬೇಕಾದರೂ ಶುರುವಾಗುವುದಿತ್ತು. ನಾನು ಸರಿಯಾಗಿ ಕೇಳಿಕೊಂಡಿರಲಿಲ್ಲ. ನನ್ನದೇ ತಪ್ಪು."

ಹುಲುಗಪ್ಪ ತನ್ನ ಬಲಗೈಯನ್ನು ಮುಂದೆ ಚಾಚಿ ನೋಡಿದ. ಅಂಗೈ ನೋಡಿದ, ತಿರುಗಿಸಿ ಹಿಂಗೈ ನೋಡಿದ.

"ಮೊನ್ನೆ ನನ್ ಮಗಳಿಗೆ ಹೆರಿಗಿ ಆಗೇತಿ. ಕೂಸಿನ್ನ ನಾ ಇನ್ನಾ ಎತ್ಕೊಂಡಿಲ್ಲ" ಎಂದ.

ಅಂಗಿ ಹಾಕಿಕೊಂಡು ಎದ್ದ. ಎರಡು ಹೆಜ್ಜೆ ಹೋದವನು ತಿರುಗಿ ನಿಂತ.

"ಇನ್ನ ನಿನ್ ಮಾತಿಗೆ ನಾ ಇಳ್ಯಂಗಿಲ್ಲ."

ಇಂದುಧರ ಆಶ್ರಮಕ್ಕೆ ಬಂದು ಗುರುಗಳ ಮುಂದೆ ನಿಂತ. ಫ್ಯೂಸುಗಳು ಇನ್ನೂ ಅವನ ಕೈಯಲ್ಲೇ ಇದ್ದವು.

"ನನ್ನನ್ನು ಕಳಿಸಿಬಿಡಿ, ಗುರುಗಳೇ."

"ಎಲ್ಲಿಗೆ?"

"ಊರಿಗೆ."

"ಅಲ್ಲಿ ಯಾರಿಗೂ ಏನೂ ಹೇಳುವ ಪ್ರಸಂಗ ಬರುವುದಿಲ್ಲವೇ?"

ಇಂದುಧರ ತಲೆ ತಗ್ಗಿಸಿದ.

"ಬೈದಾದರೂ ಬಿಡಿ. ಕೇಳಿದೆಯಾ ಅಂದಿರಿ. ಕೇಳಿದೆ ಅಂದೆ. ಒಂಬತ್ತನ್ನು ಮಾತ್ರ ಕೇಳಿದ್ದೆ."

"ನಾನು ನಿನ್ನನ್ನು ಕೇಳಿದೆ, ಯಂತ್ರವನ್ನು ಕೇಳಲಿಲ್ಲ. ನಿನ್ನ ಮುಖ ನೋಡಿ ಸಂಶಯ ಬಂದಿತ್ತು. ಬಂದರೂ ಹೋಗಿ ಊಟಕ್ಕೆ ಕೂತೆ" ಎಂದರು ಗುರುಗಳು. "ಬೈಯುವುದಾದರೆ ಇಬ್ಬರನ್ನೂ ಬೈಯಬೇಕು."

ಇಂದುಧರ ಕೈಯಲ್ಲಿದ್ದ ಫ್ಯೂಸುಗಳನ್ನು ಗುರುಗಳ ಮುಂದಿಟ್ಟ.

"ಒಂಬತ್ತು ಎರಡೂ ಕಡೆ ಒಂದೇ ಇತ್ತು. ಅದಕ್ಕೇ ಮೋಸಹೋದೆ."

"ಸಾಯಿ ಅನ್ನುವ ಮಾತು ಎಲ್ಲ ಮನೆಯಲ್ಲೂ ಒಂದೇ ಕಣಪ್ಪ. ನಿಲ್ಲಿಸುವುದು, ನಡೆಸುವುದು, ಇವು ಮನೆಮನೆಗೂ ಬೇರೆ."

ಇಂದುಧರ ಅಂದೇ ಕೂತು, ಹತ್ತೊಂಬತ್ತು ಇದ್ದಲ್ಲೆಲ್ಲ ಹದಿನೇಳು ಬರೆದ. ಹದಿನೆಂಟು ಇದ್ದಲ್ಲೆಲ್ಲ ಹತ್ತೊಂಬತ್ತು ಬರೆದ. ಒಂದೂ ಬಿಟ್ಟುಹೋಗದಂತೆ ಹುಡುಕಿ ಹುಡುಕಿ ಬರೆದು ಗುರುಗಳಿಗೆ ತೋರಿಸಿದ.

"ಸರಿಮಾಡಿದೆ, ಗುರುಗಳೇ."

ಗುರುಗಳು ಉಗ್ರಾಣಕ್ಕೆ ಹೋದರು. ಧೂಳು ಹಿಡಿದ ಮತ್ತೊಂದು ಕಂಪ್ಯೂಟರನ್ನು ಹೊತ್ತು ತಂದು ಅವನ ಮುಂದಿಟ್ಟರು. ಅದರ ಆಪರೇಟಿಂಗ್ ಸಿಸ್ಟಮ್ ಮೊದಲಿನ ಎರಡರಂತೆಯೂ ಇರಲಿಲ್ಲ.

"ಇದಕ್ಕೆ ದಾಟಿಸು."

ಇಂದುಧರ ಅದನ್ನು ಕೇಳಿದ. ನಿಲ್ಲು ಎನ್ನುವುದಕ್ಕೆ ನಿನ್ನಲ್ಲಿ ಯಾವ ಸಂಖ್ಯೆ?

ಇಪ್ಪತ್ತಮೂರು, ಎಂದಿತು ಅದು.

ಅವನು ತಾನು ತಿದ್ದಿದ್ದನ್ನು ನೋಡಿದ. ಅಷ್ಟನ್ನೂ ಅಳಿಸಿದ.

ಆಮೇಲೆ ಅವನು ಬರೆದದ್ದು ಒಂದು ಚಿಕ್ಕ ಪ್ರೋಗ್ರಾಮ್. ಅದರಲ್ಲಿ ಸಂಖ್ಯೆಗಳೇ ಇರಲಿಲ್ಲ, ಹೆಸರುಗಳಿದ್ದವು. ಯಾವ ಕಂಪ್ಯೂಟರಿಗೆ ಹೋದರೂ ಅದು ಮೊದಲು ಅಲ್ಲಿನ ಸಿಸ್ಟಮನ್ನು ಕೇಳುತ್ತಿತ್ತು. ನಿಲ್ಲು ಎನ್ನುವುದಕ್ಕೆ ಇಲ್ಲಿ ಏನನ್ನುತ್ತೀರಿ? ಮುಂದುವರಿ ಎನ್ನುವುದಕ್ಕೆ? ಉತ್ತರ ಬಂದ ಮೇಲೆಯೇ ಮೇಸ್ತ್ರಿಗೆ ಬಾಯಿ ಬರುತ್ತಿತ್ತು. ಅಂಥ ಮಾತೇ ಇಲ್ಲಿಲ್ಲ ಎಂದು ಉತ್ತರ ಬಂದರೆ ಪ್ರೋಗ್ರಾಮ್ ಅದನ್ನು ಹಾಗೆಯೇ ಹೇಳಿ, ಕೆಲಸ ಶುರು ಮಾಡದೆ ಕೂತುಬಿಡುತ್ತಿತ್ತು.

'ನಿಂತಿದೆ' ಎನ್ನುವ ಸಾಲನ್ನು ಹುಡುಕಿದ. ಹುಕುಂ ಕಳಿಸಿದ ಕೂಡಲೇ ಆ ಸಾಲು ಕಾಣುವಂತೆ ಬರೆದವನೂ ತಾನೇ. ಅದನ್ನು ತೆಗೆದುಹಾಕಿದ. ಈಗ ಮೇಸ್ತ್ರಿ ಹುಕುಂ ಕಳಿಸಿ, ಆಳು ಏನು ಮಾಡುತ್ತಿದೆ ಎಂದು ಸಿಸ್ಟಮನ್ನು ವಿಚಾರಿಸಿ, ನಿಂತದ್ದು ಖಾತ್ರಿಯಾದ ಮೇಲೆಯೇ ಬಾಯಿಬಿಡುತ್ತಿತ್ತು.

ಇಷ್ಟಕ್ಕೆ ಅವನಿಗೆ ಬಹಳ ದಿನ ಹಿಡಿಯಿತು. ಇಂದುಧರನ ಕೈ ನಿಧಾನವಾಯಿತು ಎಂದು ಜೊತೆಯವರು ಆಡಿಕೊಂಡರು. ಅವನು ಮೂರೂ ಕಂಪ್ಯೂಟರುಗಳಲ್ಲಿ ನಡೆಸಿ ನೋಡಿದ. ಆಳನ್ನು ನಿಲ್ಲಿಸಿ ಮಟ್ಟದ ಅಂಕಿಯನ್ನೇ ನೋಡುತ್ತ ಕೂರುತ್ತಿದ್ದ. ಅಂಕಿ ಅಲುಗದಿದ್ದರೂ ಏಳುತ್ತಿರಲಿಲ್ಲ.

ಹೊಳೆ ಮತ್ತೆ ಕಳೆ ತಂದಿತು.

ಹುಲುಗಪ್ಪ ಈ ಸಲ ಫೋನು ಮಾಡಲಿಲ್ಲ. ಆಶ್ರಮಕ್ಕೇ ಬಂದು ಗುರುಗಳ ಮುಂದೆ ನಿಂತ.

"ಜಾಲ್ರಿ ಕಟ್ಟೇತ್ರಿ ಅಯ್ನೋರೆ. ಬಿಡಿಸ್ಲಿಲ್ಲಂದ್ರ ನಾಳಿಗೆ ಊರಾಗ ನೀರಿರಂಗಿಲ್ಲ. ಬ್ಯಾರೆ ಯಾರನ್ನರ ಕುಂಡ್ರಸ್ರಿ, ಇಳೀತನಿ."

"ಕೂರುವವನು ಇವನೇ" ಎಂದು ಗುರುಗಳು ಇಂದುಧರನನ್ನು ತೋರಿಸಿದರು.

ಹುಲುಗಪ್ಪ ಬಾಗಿಲ ಕಡೆ ತಿರುಗಿದ. ಆದರೂ ಹೋಗಲಿಲ್ಲ, ಬಾಗಿಲಲ್ಲೇ ನಿಂತ.

ಇಂದುಧರ ಪರದೆಯ ಮುಂದೆ ಕೂತು 'ನಿಲ್ಲು' ಒತ್ತಿದ. ಪರದೆ ಸುಮ್ಮನಿತ್ತು, ಆಮೇಲೆ 'ನಿಂತಿದೆ' ಎಂದಿತು. ಮಟ್ಟದ ಅಂಕಿ ಅಲುಗಲಿಲ್ಲ. ಇಂದುಧರ ಇಳಿಯಿರಿ ಅನ್ನಲಿಲ್ಲ. ಎದ್ದು ದಂಡೆಗುಂಟ ನಡೆದ. ಇಬ್ಬರೂ ಅವನ ಹಿಂದೆ ನಡೆದರು.

ಮೋಟರು ಮನೆಯಲ್ಲಿ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಹುಲುಗಪ್ಪನ ಕೈಗೆ ಕೊಟ್ಟ.

"ಇವು ನಿಮ್ಮ ಹತ್ತಿರವೇ ಇರಲಿ ಅಣ್ಣಾ. ನೀವು ಮೇಲೆ ಬಂದು ಕೊಡುವ ತನಕ ಯಾರಿಗೂ ಹಾಕಲು ಆಗುವುದಿಲ್ಲ."

ಸ್ವಿಚ್ಚು ಒತ್ತಿ ನೋಡಿದ. ಮೋಟರು ಮಿಸುಕಲಿಲ್ಲ. ಸ್ವಿಚ್ಚು ಆರಿಸಿ ಮತ್ತೊಮ್ಮೆ ಒತ್ತಿ ನೋಡಿದ.

"ಒಂದು ನಿಮಿಷ ತಡೀರಿ. ಅಂಕಿ ಇನ್ನೂ ಹಾಗೇ ಇದೆಯೇ ಅಂತ ನೋಡಿ ಬರುತ್ತೇನೆ" ಎಂದು ಆಶ್ರಮದ ಕಡೆ ಹೊರಟ.

ಹಿಂದಿನಿಂದ ಹುಲುಗಪ್ಪನ ದನಿ ಕೇಳಿಸಿತು.

"ಇವನ ಮಾತು ನಂಬಬೌದೇನ್ರಿ, ಅಯ್ನೋರೆ?"

ಇಂದುಧರನ ಹೆಜ್ಜೆ ತಾನಾಗಿ ನಿಂತಿತು.

"ತನ್ನ ಮಾತನ್ನು ಅವನೇ ನಂಬುತ್ತಿಲ್ಲ. ಧೈರ್ಯವಾಗಿ ಇಳಿ" ಎಂದರು ಗುರುಗಳು.